ಅಳಿಯ ತಿರುವಿ ನೋಡಿದ ಬಟ್ಟಲು

ಚನ್ನರಾಯಪಟ್ಟಣದಲ್ಲಿ ನಂಜಯ್ಯ ಎಲ್ಲಿ ಅಂತ ಕೇಳಿದರೆ ಜನ ಯಾವ ನಂಜಯ್ಯ ಅಂತ ತಿರುಗಿ ಕೇಳುತ್ತಿದ್ದರು. ಆ ಹೆಸರಿನವರು ಬೀದಿಗೆ ಇಬ್ಬರು. ಗಾಜಿನ ನಂಜಯ್ಯ ಅಂದರೆ ಮಾತ್ರ ಕೈಮಾಡಿ ಮನೆ ತೋರಿಸುತ್ತಿದ್ದರು. ಮದುವೆ ಚಪ್ಪರಗಳಿಗೆ ಗಾಜಿನ ದೀಪಗಳನ್ನು ಬಾಡಿಗೆಗೆ ಕೊಡುವುದು ಅವನ ಕಸುಬು. ಹಾಸನವೋ ಹೊಳೆನರಸೀಪುರವೋ ಅರಕಲಗೂಡೋ, ಉಳ್ಳವರ ಮದುವೆ ಎಲ್ಲಿ ನಡೆದರೂ ಹುಲ್ಲು ತುಂಬಿದ ಮರದ ಪೆಟ್ಟಿಗೆಗಳನ್ನು ಗಾಡಿಗೆ ಹೇರಿಕೊಂಡು ಎರಡು ದಿನ ಮೊದಲೇ ಹೊರಡುತ್ತಿದ್ದ. ಕೆಂಪು, ಹಸಿರು, ನೀಲಿ ಬುರುಡೆಗಳನ್ನು ಚಪ್ಪರದ ಗಳುಗಳಿಗೆ ತೂಗುಹಾಕಿ, ಸಂಜೆಗೆ ಎಣ್ಣೆಬತ್ತಿ ಹಾಕಿ ಹಚ್ಚುತ್ತಿದ್ದ. ನೆಂಟರು ಚದುರಿದ ಮೇಲೆ ಒಂದೊಂದನ್ನೂ ಇಳಿಸಿ, ಸೀಗೆ ನೀರಲ್ಲಿ ತೊಳೆದು, ಮತ್ತೆ ಹುಲ್ಲಿಗೆ ಸೇರಿಸುತ್ತಿದ್ದ. ಊಟಕ್ಕೆ ಕೂರುತ್ತಿದ್ದುದು ಯಾವಾಗಲೂ ಕಡೇ ಪಂಕ್ತಿಯಲ್ಲಿ.

ದೀಪ ಹಚ್ಚುವವರು ಬೇಕಾದಷ್ಟು ಜನ ಇದ್ದರು. ನಂಜಯ್ಯನ ಹೆಸರು ನಾಲ್ಕು ಊರಿಗೆ ಹಬ್ಬಿದ್ದು ಬೇರೆ ಕಾರಣಕ್ಕೆ. ಅವನಿಗೆ ಗಾಜು ಗೊತ್ತಿತ್ತು. ಆ ಕಾಲಕ್ಕೆ ಹಳಬರ ಮನೆಗಳಲ್ಲಿ ತಾತ ಮುತ್ತಾತಂದಿರು ತರಿಸಿದ್ದ ವಿಲಾಯಿತಿ ಗಾಜು ಅಷ್ಟಿಷ್ಟು ಇರುತ್ತಿತ್ತು. ಅದನ್ನೇ ನೋಡಿಕೊಂಡು ಅಚ್ಚಿನಲ್ಲಿ ಎರಕ ಹೊಯ್ದ ಅಗ್ಗದ ಮಾಲು ಪೇಟೆ ಪೇಟೆಗೂ ಬಂದು ಬೀಳುತ್ತಿತ್ತು. ಇವೆರಡರ ನಡುವೆ ಮೂರನೆಯದೊಂದಿತ್ತು, ಅದೇ ದೊಡ್ಡ ಪೀಡೆ: ಹಳೆಯದೇ, ಆದರೆ ಒಡೆದದ್ದನ್ನು ಅರೆದು, ಅರಗು ಹಾಕಿ ಅಂಟಿಸಿ, ಬಣ್ಣ ಬಳಿದು ಸಾಚಾ ಅಂತ ದಾಟಿಸುವಂಥದು.

ಈ ಮೂರನ್ನೂ ಬೇರೆ ಮಾಡುವುದನ್ನು ನಂಜಯ್ಯನಿಗೆ ಕಲಿಸಿದವನು ಅವನ ಸೋದರಮಾವ. ಅಪ್ಪ ಅಮ್ಮ ಇಲ್ಲದ ಇವನನ್ನು ಸಾಕಿ ದೊಡ್ಡವನನ್ನು ಮಾಡಿ, ದೀಪದ ಪೆಟ್ಟಿಗೆಗಳನ್ನೂ ಬಿಟ್ಟುಹೋದ ಪುಣ್ಯಾತ್ಮ. ಗಾಜನ್ನು ಎಳೆ ಬಿಸಿಲಲ್ಲಿ ಬಿಳೀ ಪಂಚೆ ಮೇಲಿಟ್ಟು ನೋಡು ಅನ್ನುತ್ತಿದ್ದ. ಬಾಯಲ್ಲಿ ಊದಿ ಮಾಡಿದ್ದರ ಅಡಿಯಲ್ಲಿ ಹಿಡಿದ ಕಬ್ಬಿಣದ ಸಲಾಕೆಯಿಂದ ಮುರಿದು ಬಿಡಿಸಿದ ಗುರುತು, ಒಂದು ಹೊಕ್ಕುಳು, ಇದ್ದೇ ಇರುತ್ತದೆ. ಅಚ್ಚಿನದಾದರೆ ಪಕ್ಕೆಯಲ್ಲಿ ಹೊಲಿಗೆ ಗೆರೆ ಸಿಗುತ್ತದೆ. ಕಡೆದ ಹೂವು ಬೆರಳಿಗೆ ಚುರುಕ್ಕನ್ನಬೇಕು, ಎರಕದ ಹೂವು ಸವೆದ ಸಾಬೂನಿನ ಹಾಗೆ ಜಾರುತ್ತದೆ. ನೂರು ವರ್ಷ ನೆಲ ಕಂಡ ಪಾತ್ರೆಯ ಅಡಿಯಲ್ಲಿ ಗೀರುಗಳು ಎತ್ತೆತ್ತಲೋ ಓಡಿರುತ್ತವೆ. ಉಪ್ಪುಕಾಗದ ಉಜ್ಜಿ ಹಳೆಯದು ಮಾಡಿದ್ದರೆ ಎಲ್ಲ ಒಂದೇ ಕಡೆಗೆ. ಕಡೆಯದಾಗಿ ಬಾಯಿ. ಬೆಂಕಿಯಲ್ಲಿ ಮುಗಿಸಿದ ಅಂಚು ತುಟಿಗೆ ಹಿತವಾಗಿ ದುಂಡಗಿರುತ್ತದೆ. ಚಕ್ಕೆ ಎದ್ದದ್ದನ್ನು ಮರೆಮಾಚಲು ಅರೆದಿದ್ದರೆ ಅಂಚು ಚಪ್ಪಟೆಯಾಗಿ ಮಂಜು ಕಟ್ಟಿದಂತೆ ಇರುತ್ತದೆ, ಸಂದಿಯಲ್ಲಿ ಅರೆದ ಪುಡಿಯೂ ಕೂತಿರುತ್ತದೆ.

ನಂಜಯ್ಯ ಇದನ್ನೆಲ್ಲ ವಚನ ಕಲಿತ ಹಾಗೆ ಕಲಿತ. ಹಾಸನದಲ್ಲಿ ಒಬ್ಬ ವಕೀಲರು ಬೊಂಬಾಯಿಯಿಂದ ತರಿಸಿದ ನೀಲಿ ದೀಪಗಳನ್ನು ಪಡಸಾಲೆಗೆ ಹಾಕಿಸಿ, ಊರ ದೊಡ್ಡವರನ್ನೆಲ್ಲ ಕರೆದು ತೋರಿಸುತ್ತಿದ್ದರು. ಇವನು ಹೋಗಿ ಒಂದು ಬಟ್ಟೆ ಚೂರನ್ನು ಸೀಮೆಎಣ್ಣೆಗೆ ಅದ್ದಿ ಒಳಮೈಗೆ ಒರೆಸಿದ. ನೀಲಿಯೆಲ್ಲ ಬಟ್ಟೆಗೆ ಬಂತು. ವಕೀಲರ ಮುಖ ನೋಡುವ ಹಾಗಿರಲಿಲ್ಲವಂತೆ. ಜನ ನಕ್ಕರು, ಕಂಡದ್ದನ್ನು ಕಂಡ ಹಾಗೆ ಹೇಳುವ ಗಂಡಸು ಅಂತ ಹೊಗಳಿದರು. ಹೊಗಳಿಕೆ ನೆತ್ತಿಗೇರಿತು. ನನಗೆ ಸಿಟ್ಟು ಬರುವುದು ಇಲ್ಲೇ. ಗಾಜು ನೋಡುವ ಕಣ್ಣು ಕೊಟ್ಟ ಶಿವ, ಎದುರಿಗಿರುವವರ ಮುಖ ನೋಡುವಷ್ಟು ಬುದ್ಧಿಯನ್ನೂ ಕೊಟ್ಟಿದ್ದರೆ ಗಂಟೇನು ಹೋಗುತ್ತಿತ್ತು?

ಮೂವತ್ತು ದಾಟಿದ ಮೇಲೆ, ಸಾವಿರದ ಒಂಬೈನೂರ ಮೂವತ್ತೊಂದರ ಬೇಸಿಗೆಯಲ್ಲಿ, ನಂಜಯ್ಯನಿಗೆ ಮದುವೆಯಾಯಿತು. ಹುಡುಗಿ ಹೊಳೆನರಸೀಪುರದ ಗಂಗಾಂಬಿಕೆ, ಅಕ್ಕಿ ವ್ಯಾಪಾರದ ಪರಮಶಿವಯ್ಯನವರ ಮಗಳು. ಮಾತು ಕಡಿಮೆ, ಕೆಲಸ ಚುರುಕು. ಬಂದ ಒಂದು ತಿಂಗಳಲ್ಲೇ ದೀಪಗಳನ್ನು ತೊಳೆಯುವುದು ಕಲಿತಳು. ಇಬ್ಬರೂ ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಒಬ್ಬರು ತೊಳೆದರೆ ಒಬ್ಬರು ಒರೆಸುತ್ತಾ, ಹೆಚ್ಚು ಮಾತಿಲ್ಲದೆ ಬೆಳಗು ಕಳೆಯುತ್ತಿದ್ದರು. ತಬ್ಬಲಿಯಾಗಿ ಬೆಳೆದ ನಂಜಯ್ಯನಿಗೆ ಅದಕ್ಕಿಂತ ದೊಡ್ಡ ಸುಖ ಗೊತ್ತಿರಲಿಲ್ಲ.

ಆ ವರ್ಷದ ದೀಪಾವಳಿಗೆ ಅಳಿಯನನ್ನು ಕರೆಸಿದರು. ಮೊದಲ ದೀಪಾವಳಿ, ಕೇಳಬೇಕೆ? ಎಣ್ಣೆನೀರು, ಹೊಸ ಪಂಚೆ, ಹೋಳಿಗೆ. ಸಂಜೆ ಪಡಸಾಲೆ ತುಂಬ ನೆಂಟರು, ಅಕ್ಕಪಕ್ಕದವರು. ಪರಮಶಿವಯ್ಯನವರು ಒಳಗಿನಿಂದ ಒಂದು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ನೇರಳೆ ಹಣ್ಣಿನಷ್ಟು ಕಡುನೀಲಿ, ಮೈತುಂಬ ಕಡೆದ ಬಳ್ಳಿ, ಒಳಗೆ ಬಾಳೆಹಣ್ಣು ಸಕ್ಕರೆ. ಅವರ ತಾತ ಎತ್ತಿನ ಗಾಡಿಯಲ್ಲಿ ಮಂಜರಾಬಾದಿನ ಕಾಫಿ ಮೂಟೆಗಳನ್ನು ಹೊಡೆಯುತ್ತಿದ್ದವರಂತೆ. ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ, ಒಂದೇ ಒಂದು ಮೂಟೆಯನ್ನೂ ಕಳೆಯದ ಈ ಗಾಡಿಯವನ ಕೈಗೆ ಬಟ್ಟಲು ಕೊಟ್ಟು ಹೋದನಂತೆ. ಆ ಕಥೆಯನ್ನು ಪರಮಶಿವಯ್ಯನವರು ಹೊಳೆನರಸೀಪುರದಲ್ಲಿ ಹೇಳದ ಮನೆಯಿರಲಿಲ್ಲ. ಅಂಥ ಬಟ್ಟಲನ್ನು ಮಗನಿಗೆ ಕೊಡದೆ, ಗಾಜು ಬಲ್ಲ ಅಳಿಯನಿಗೆ ಕೊಡಬೇಕೆಂದು ಮನಸ್ಸು ಮಾಡಿದ್ದರು.

ಅಳಿಯ ಏನು ಮಾಡಬೇಕಿತ್ತು? ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟುಕೊಳ್ಳಬೇಕಿತ್ತು. ಇವನು ಬಾಳೆಹಣ್ಣು ತೆಗೆದಿಟ್ಟ, ಸಕ್ಕರೆಯನ್ನು ಎಲೆಗೆ ಸುರಿದ, ಬಟ್ಟಲನ್ನು ತಲೆಕೆಳಗು ಮಾಡಿ ದೀಪಕ್ಕೆ ಹಿಡಿದ. ಹೊಕ್ಕುಳಿತ್ತು. ಆದರೆ ಈಗಲೂ ಊದುತ್ತಾರೆ, ಹೊಕ್ಕುಳಿದ್ದ ಮಾತ್ರಕ್ಕೆ ಹಳೆಯದಲ್ಲ. ಅಡಿಯಲ್ಲಿ ಒಂದೇ ಒಂದು ಗೀರಿಲ್ಲ, ಮೊನ್ನೆ ಅಂಗಡಿಯಿಂದ ತಂದ ಹಾಗಿದೆ. ಬಾಯಿಗೆ ಉಗುರಾಡಿಸಿದ. ಚಪ್ಪಟೆ, ಮಬ್ಬು, ಸಂದಿಯಲ್ಲಿ ಬಿಳೀ ಪುಡಿ. ಪಡಸಾಲೆಯಲ್ಲಿ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಎಲ್ಲರೂ ನೋಡುತ್ತಿದ್ದಾರೆ ಅನ್ನುವುದೇ ಅವನ ತಲೆ ತಿರುಗಿಸಿತೋ ಏನೋ.

“ಇದು ಸಾಚಾ ಮಾಲಲ್ಲ ಮಾವ,” ಅಂದ. “ಬಾಯಿ ಅರ್ದವ್ರೆ. ಅಡೀಲಿ ಒಂದು ಗೀಟಿಲ್ಲ. ಯಾರೋ ನಿಮ್ಗೆ ಟೋಪಿ ಹಾಕವ್ರೆ.”

ಪರಮಶಿವಯ್ಯನವರು ಬಟ್ಟಲಿಗೆ ಕೈ ಚಾಚಿ ಈಸಿಕೊಂಡು ಒಳಗೆ ಹೋದರು. ಅವರ ಮಗ ರುದ್ರಯ್ಯ ಏನೋ ಅನ್ನಲು ಎದ್ದವನು ಅಪ್ಪನ ಮುಖ ನೋಡಿ ಕೂತುಕೊಂಡ. ಹಬ್ಬದ ಮನೆ ಸಾವಿನ ಮನೆಯ ಹಾಗಾಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಊರ ಬಾಯಿ ಮುಚ್ಚುವವರಾರು? ದೊರೆ ಕೊಟ್ಟ ಬಟ್ಟಲನ್ನು ಈ ಯಜಮಾನ ಯಾವತ್ತೋ ಮಾರಿಕೊಂಡು, ಅಂಥದ್ದೇ ನಕಲಿಯೊಂದನ್ನು ತಂದು ಅಳಿಯನ ತಲೆಗೆ ಕಟ್ಟಲು ಹೋಗಿ ಸಿಕ್ಕಿಬಿದ್ದ ಅಂತ ಜನ ಆಡಿಕೊಂಡರು. ಅಕ್ಕಿ ಅಳೆಯುವಾಗಲೂ ಸೇರು ಸರಿಯಾಗಿದೆಯೇ ಅಂತ ಮುಖದ ಮೇಲೆ ಕೇಳುವವರು ಹುಟ್ಟಿಕೊಂಡರು. ಪರಮಶಿವಯ್ಯನವರು ಅಂಗಡಿಗೆ ಹೋಗುವುದನ್ನೇ ಬಿಟ್ಟರು. ಒಂದೂವರೆ ವರ್ಷಕ್ಕೆ ಹಾಸಿಗೆ ಹಿಡಿದರು. ನೋಡಿಕೊಳ್ಳಲು ಅಂತ ಹೋದ ಗಂಗಾಂಬಿಕೆ ಅಪ್ಪ ತೀರಿಕೊಂಡ ಮೇಲೂ ವಾಪಸ್ಸು ಬರಲಿಲ್ಲ. ನಂಜಯ್ಯ ಎರಡು ಸಲ ಹೇಳಿಕಳಿಸಿದ. ಬರುವುದಿಲ್ಲ ಅಂತ ಎರಡು ಸಲ ಜವಾಬು ಬಂತು. ಮೂರನೆಯ ಸಲ ಕೇಳಲು ಇವನಿಗೆ ಮರ್ಯಾದೆ ಅಡ್ಡ ಬಂತು. ನಾನು ಸುಳ್ಳು ಹೇಳಿದೆನೇ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ತಪ್ಪೇ ಅಂತ ಬೀದಿಯಲ್ಲಿ ನಾಲ್ಕು ಜನರ ಹತ್ತಿರ ವಾದ ಮಾಡಿದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನ ಹತ್ತಿರ ಯಾರು ಏನು ಹೇಳಿಯಾರು?

ಹಾಗೆ ಹನ್ನೊಂದು ವರ್ಷ ಹೋಯಿತು. ಬರೆಯುವುದು ಸುಲಭ, ಹನ್ನೊಂದು ವರ್ಷ. ಅವನಿಗೆ ಅದು ಒಂದೊಂದೇ ದಿನವಾಗಿ ಬಂತು. ಬೆಳಿಗ್ಗೆ ಎರಡು ಮುದ್ದೆ ಕಟ್ಟಿ ಒಂದನ್ನು ತಿಂದು, ಒಂದನ್ನು ಸಂಜೆಗೆ ಮುಚ್ಚಿಡುತ್ತಿದ್ದ. ಸಂಜೆ ದೇವಸ್ಥಾನದಿಂದ ಜನ ವಾಪಸ್ಸು ಬರುವ ಹೊತ್ತಿಗೆ ತಪ್ಪದೆ ಜಗಲಿ ಮೇಲೆ ಕೂರುತ್ತಿದ್ದ. ಹೋಗುತ್ತಾ ಒಬ್ಬಿಬ್ಬರಾದರೂ ಊಟ ಆಯ್ತಾ ಅನ್ನುತ್ತಿದ್ದರು. ಆಯ್ತು ಅನ್ನುತ್ತಿದ್ದ. ಎಷ್ಟೋ ದಿನ ಅವನು ಆಡಿದ ಮಾತು ಅಷ್ಟೇ. ಹಿತ್ತಿಲಲ್ಲಿ ದೀಪ ತೊಳೆಯುವಾಗ, ತೊಳೆದದ್ದನ್ನು ಪಕ್ಕಕ್ಕೆ ಚಾಚಿ, ಈಸಿಕೊಳ್ಳುವ ಕೈ ಇಲ್ಲವೆಂದು ನೆನಪಾಗಿ ತಾನೇ ಒರೆಸಿಕೊಳ್ಳುತ್ತಿದ್ದ. ಅವಳಿಲ್ಲದೆ ಮನೆ ಬಿಕೋ ಅನ್ನುತ್ತದೆ ಅಂತ ಯಾರ ಹತ್ತಿರವೂ ಹೇಳಲಿಲ್ಲ. ಹೇಳಬೇಕಾದವಳಿಗಂತೂ ಹೇಳಲೇ ಇಲ್ಲ.

ಆದರೆ ಕಸುಬಿನಲ್ಲಿ ಹೆಸರು ಏರುತ್ತಲೇ ಹೋಯಿತು. ಯುದ್ಧ ಶುರುವಾಗಿ ವಿಲಾಯಿತಿ ಮಾಲು ಬರುವುದು ನಿಂತಿತು. ಬೆಂಗಳೂರಿನ ದಂಡಿನ ಕಡೆ ಹಳೇ ಗಾಜಿಗೆ ಎಲ್ಲಿಲ್ಲದ ಬೇಡಿಕೆ ಹುಟ್ಟಿತು. ತಿಮ್ಮಪ್ಪ ಅಂತ ಒಬ್ಬ ವ್ಯಾಪಾರಿ ತಿಂಗಳಿಗೊಮ್ಮೆ ಇದ್ದಿಲು ಬಸ್ಸಿನಲ್ಲಿ ಬಂದು, ನಂಜಯ್ಯನನ್ನು ಕರೆದುಕೊಂಡು ಮನೆ ಮನೆ ತಿರುಗುತ್ತಿದ್ದ. ನಂಜಯ್ಯ ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಎರಡನೇ ಮಾತಿರಲಿಲ್ಲ. ಅವನಿಗಿದ್ದದ್ದು ಅದೊಂದೇ, ತನ್ನ ಮಾತು ತಪ್ಪಲ್ಲ ಅನ್ನುವ ಹೆಸರು. ಹೆಂಡತಿಯನ್ನು ಕಳೆದುಕೊಂಡಾದರೂ ಉಳಿಸಿಕೊಂಡ ಹೆಸರು.

ನಲವತ್ತಮೂರರ ಕಾರ್ತಿಕದಲ್ಲಿ ಅರಕಲಗೂಡಿನಲ್ಲಿ ಗುರುಸಿದ್ದಮ್ಮ ಅನ್ನುವ ಮುದುಕಿಯ ಮನೆಯಲ್ಲಿ ಮೊಮ್ಮಗಳ ಮದುವೆ. ನಂಜಯ್ಯ ದೀಪಗಳ ಜೊತೆ ಹೋಗಿ ಅಲ್ಲೇ ಇಳಿದುಕೊಂಡಿದ್ದ. ಬೆಳಿಗ್ಗೆ ಸ್ನಾನ ಮುಗಿಸಿದ ಮುದುಕಿ ಗೋಡೆಯ ಗೂಡಿನ ಮುಂದೆ ನಿಂತಿದ್ದಳು. ಗೂಡಿನ ಕಲ್ಲುಹಾಸಿನ ಮೇಲೆ ವಿಭೂತಿ ಗಟ್ಟಿ, ಅದರ ಮೇಲೆ ಬೋರಲು ಹಾಕಿದ ಒಂದು ಗಾಜಿನ ಲೋಟ. ಲೋಟ ಎತ್ತಿ, ವಿಭೂತಿ ಧರಿಸಿ, ಮತ್ತೆ ಮುಚ್ಚಿ, ಸರಿಯಾಗಿ ಕೂರಲಿ ಅಂತ ಒತ್ತಿ ಅರ್ಧ ಸುತ್ತು ತಿರುಗಿಸಿದಳು. ಕಲ್ಲಿನ ಮೇಲೆ ಗಾಜು ಕರಕ್ ಅಂದಿತು.

ನಂಜಯ್ಯ ಆ ಸದ್ದಿಗೆ ತಿರುಗಿ ನೋಡಿದ. ಲೋಟದ ಪಕ್ಕೆಯಲ್ಲಿ ಬೇವಿನ ಬೀಜದ ಆಕಾರದ ಒಂದು ಗಾಳಿಗುಳ್ಳೆ ಕಂಡಿತು. ಅದು ಅವನದೇ ಲೋಟ. ತೂಗುದೀಪದ ಒಳಗೆ ಎಣ್ಣೆ ಹಾಕುವಂಥದು. ಜೊತೆಯವು ಒಡೆದುಹೋಗಿ ಒಂಟಿಯಾಗಿ ಉಳಿದದ್ದನ್ನು ತಾನೇ ಈ ಮನೆಗೆ ಕೊಟ್ಟಿದ್ದ.

“ನೀನೇ ಕೊಟ್ಟಿದ್ದು ಕಣಪ್ಪ, ನನ್ ಕಿರೀಮಗನ ಮದ್ವೇಲಿ, ಹದಿನೈದು ವರ್ಷ ಆಯ್ತು,” ಅಂದಳು ಮುದುಕಿ. “ಥಂಡಿ ಹಿಡೀತದೆ, ಹಲ್ಲಿ ಓಡಾಡ್ತವೆ ಅಂತ ವಿಭೂತಿ ಮೇಲೆ ಬೋರ್ಲಾಕಿವ್ನಿ.”

ಮಡಿಯೋ ಮೈಲಿಗೆಯೋ ಒಂದನ್ನೂ ಕೇಳದೆ ನಂಜಯ್ಯ ಲೋಟ ಕೈಗೆತ್ತಿಕೊಂಡ. ಕೊಟ್ಟಾಗ ದುಂಡಗಿದ್ದ ಅಂಚು ಚಪ್ಪಟೆಯಾಗಿತ್ತು, ಮಬ್ಬಾಗಿತ್ತು. ಸಂದಿಯಲ್ಲಿ ಬಿಳೀ ಪುಡಿ. ಬೆರಳಿಗೆ ಹಚ್ಚಿಕೊಂಡು ಮೂಸಿದ. ಅರೆದ ಪುಡಿಯಲ್ಲ, ವಿಭೂತಿ. ಅಡಿ ತಿರುಗಿಸಿದ. ಬೋರಲು ಕೂತದ್ದಕ್ಕೆ ಅಡಿಯಲ್ಲಿ ಹೊಸ ಗೀರು ಒಂದೂ ಬಿದ್ದಿರಲಿಲ್ಲ. ಹದಿನೈದು ವರ್ಷಕ್ಕೆ ಇಷ್ಟಾದರೆ, ಮೂರು ತಲೆಮಾರಿಗೆ ಎಷ್ಟಾಗಬೇಡ? ಇವನ ಸೋದರಮಾವನ ಮನೆಯಲ್ಲಿ ವಿಭೂತಿ ಇಡುತ್ತಿದ್ದುದು ಮರದ ಭರಣಿಯಲ್ಲಿ. ಗಾಜಿನಲ್ಲಿ ಮುಚ್ಚುವ ಮನೆಗಳೂ ಇರುತ್ತವೆ ಅಂತ ಇವನಿಗೆ ಹೊಳೆದೇ ಇರಲಿಲ್ಲ. ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟ. ಮುದುಕಿ ಪಿತ್ತವಿರಬೇಕು ಅಂತ ನಿಂಬೆಹಣ್ಣಿನ ಪಾನಕ ಮಾಡಿಸಿ ಕೊಟ್ಟಳು.

ಮದುವೆ ಮುಗಿದ ಮಾರನೆಯ ದಿನವೇ ಹೊಳೆನರಸೀಪುರಕ್ಕೆ ಹೋದ. ರುದ್ರಯ್ಯ ಅಂಗಡಿಯಲ್ಲಿದ್ದ. ಗಂಗಾಂಬಿಕೆ ಬಾಗಿಲಿಗೆ ಬಂದಳು. ಕೂದಲಲ್ಲಿ ಅಲ್ಲಲ್ಲಿ ಬಿಳಿ ಕಂಡಿತು. ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, ದೂರ ನಿಂತಳು. ಅವಳ ಹಿಂದೆ ಒಳಮನೆಯ ಗೂಡಿನಲ್ಲಿ ನೀಲಿ ಬಟ್ಟಲು ವಿಭೂತಿಯ ಮೇಲೆ ಬೋರಲಾಗಿ ಕೂತಿತ್ತು. ಹಬ್ಬದ ದಿನ ಅಳಿಯನಿಗೆ ಕೊಡಬೇಕೆಂದು ಅದನ್ನು ಗೂಡಿನಿಂದ ತೆಗೆದು ತೊಳೆದಿದ್ದರು, ಅಷ್ಟೇ. ನಂಜಯ್ಯ ಬಂದ ವಿಷಯ ಹೇಳಿದ. ಅರಕಲಗೂಡಿನ ಲೋಟ, ಅಂಚು, ಅಡಿ, ಬಿಳೀ ಪುಡಿ, ಒಂದನ್ನೂ ಬಿಡದೆ ಹೇಳಿದ. ಯಾರಿಗೂ ತಿಳಿಯದ ದೊಡ್ಡ ಗುಟ್ಟನ್ನು ಬಿಡಿಸಿದವನ ಹಾಗೆ ಹೇಳಿದ. ಅವಳು ಕೊನೆಯವರೆಗೂ ಕೇಳಿದಳು.

“ನಾನು ಅವತ್ತೇ ಹೇಳಿದ್ದೆ ನಿಮಗೆ,” ಅಂದಳು. “ವಾಪಸ್ ಬರೋವಾಗ, ಗಾಡೀಲಿ.”

ನಂಜಯ್ಯನಿಗೆ ಆಗ ನೆನಪಾಯಿತು. ದೀಪಾವಳಿ ಮುಗಿಸಿ ಚನ್ನರಾಯಪಟ್ಟಣಕ್ಕೆ ವಾಪಸ್ಸಾಗುವಾಗ ಗಾಡಿಯಲ್ಲಿ ಈ ಹೆಂಗಸು, ಅಲ್ಲ, ಆಗಿನ್ನೂ ಹುಡುಗಿ, ಅದು ಗೂಡಲ್ಲಿ ಬೋರಲಿರ್ತಿತ್ತು ಅಂತ ಮೆಲ್ಲಗೆ ಶುರುಮಾಡಿದ್ದಳು. ಇವನು ಗಾಜಿನ ಮಾತು ನನ್ನ ಹತ್ರ ಆಡ್ಬೇಡ, ಬಾಯ್ಮುಚ್ಕೊಂಡು ಕೂತ್ಕೋ ಅಂದಿದ್ದ. ಅವಳು ಬಾಯಿ ಮುಚ್ಚಿಕೊಂಡಿದ್ದಳು. ಒಂದು ನಿಮಿಷ ಕಿವಿಗೊಟ್ಟಿದ್ದರೆ ಸಾಕಿತ್ತು, ಗಾಡಿ ತಿರುಗಿಸಿಕೊಂಡು ಹೋಗಿ ಮಾವನ ಕಾಲು ಹಿಡಿಯಬಹುದಿತ್ತು. ಅಯ್ಯೋ ಶಿವನೇ ಅಂತ ಬಾಯಿಂದ ಬಂತು.

“ತಪ್ಪಾಯ್ತು,” ಅಂದ ಕಡೆಗೆ.

“ನನ್ನೊಬ್ಳಿಗೆ ಹೇಳಿ ಏನು ಬಂತು? ನಮ್ಮಪ್ಪನ ಮಾನ ಹೋಗಿದ್ದು ಊರ ಜನದ ಮುಂದೆ. ಅವ್ರ ಮುಂದೆ ಹೇಳಿ. ಬರೋ ವೈಶಾಖಕ್ಕೆ ನಮ್ಮಣ್ಣನ ಮಗಳ ಮದ್ವೆ ಐತೆ. ಎಲ್ರೂ ಬತ್ತಾರೆ.”

ಆರು ತಿಂಗಳು ನಂಜಯ್ಯನಿಗೆ ಉಗುಳಲೂ ಆಗದ ನುಂಗಲೂ ಆಗದ ಬಿಸಿತುಪ್ಪ. ಚಪ್ಪರದಲ್ಲಿ ನಿಂತು ನಾನು ತಪ್ಪು ನೋಡಿದೆ ಅಂದರೆ ಕಸುಬು ಅಲ್ಲಿಗೆ ಮುಗಿಯಿತು. ಒಂದು ತಪ್ಪಿದವನು ಹತ್ತು ತಪ್ಪಿರಲಾರನೇ ಅಂತ ಜನ ಕೇಳದೆ ಬಿಡುವುದಿಲ್ಲ. ಹೇಳದಿದ್ದರೆ ಗಂಗಾಂಬಿಕೆ ಬರುವುದಿಲ್ಲ. ಹೇಳಿದರೆ ಬರುತ್ತಾಳೆ. ಅವನ ತಲೆಯಲ್ಲಿ ಲೆಕ್ಕ ಇಷ್ಟು ಸ್ಪಷ್ಟವಾಗಿತ್ತು. ಒಂದು ದಿನ ತಿಮ್ಮಪ್ಪ ತಂದ ಪನ್ನೀರುದಾನಿಯನ್ನು ಕೈಯಲ್ಲಿ ಹಿಡಿದು, ಹೂಂ ಅನ್ನಬೇಕೋ ಊಹೂಂ ಅನ್ನಬೇಕೋ ತಿಳಿಯದೆ ಅರ್ಧ ಗಂಟೆ ಕೂತಿದ್ದ. ಅವತ್ತು ಅವನಿಗೆ ಗೊತ್ತಾಯಿತು, ಹೇಳದಿದ್ದರೂ ಕಸುಬು ಹೋದ ಹಾಗೆಯೇ ಅಂತ. ಚೈತ್ರದಲ್ಲಿ ಮನೆಗೆ ಸುಣ್ಣ ಹೊಡೆಸಿದ. ಹೊಸ ಒರಳುಕಲ್ಲು ತಂದ. ಯಾಕೆ ನಂಜಯ್ಯ ಅಂತ ಬೀದಿಯವರು ಕೇಳಿದರೆ, ಮನೆಯವಳು ಬರುತ್ತಾಳೆ ಅಂತ ಹೇಳುವಾಗ ಅವನ ಮುಖ ಮೊದಲ ಸಲ ಹಗುರಾಗಿ ಕಂಡಿತಂತೆ.

ಮದುವೆಗೆ ತನ್ನಲ್ಲಿದ್ದ ದೀಪಗಳನ್ನೆಲ್ಲ ಗಾಡಿಗೆ ಹೇರಿಕೊಂಡು ಹೋಗಿ, ಬಾಡಿಗೆ ಕೇಳದೆ ಚಪ್ಪರ ತುಂಬ ಹಾಕಿದ. ಧಾರೆ ಮುಗಿದು ಜನ ಇನ್ನೂ ಊಟಕ್ಕೆ ಎದ್ದಿರಲಿಲ್ಲ. ರುದ್ರಯ್ಯ ಒಳಗಿನಿಂದ ಬಟ್ಟಲು ತಂದು ಅವನ ಕೈಗಿತ್ತ. ನಂಜಯ್ಯ ಜನರ ನಡುವೆ ನಿಂತ. ಆ ದೀಪಾವಳಿಗೆ ಬಂದಿದ್ದ ಮುಖಗಳು ಎಷ್ಟೋ ಇದ್ದವು, ಮುದಿಯಾಗಿದ್ದವು. ಅವನ ಮಾತು ತೊದಲಲಿಲ್ಲ.

“ಈ ಬಟ್ಟಲು ಸಾಚಾ. ಮೂರು ತಲೆಮಾರು ವಿಭೂತಿ ಮೇಲೆ ಬೋರ್ಲಾಗಿದ್ದು ಇದರ ಬಾಯಿ ಸವೆದೈತೆ. ಅದ ನಾನು ಅರ್ದವ್ರೆ ಅಂದೆ. ಪರಮಶಿವಯ್ಯನೋರು ಯಾರ್ಗೂ ಮೋಸ ಮಾಡ್ಲಿಲ್ಲ. ತಪ್ಪು ನೋಡ್ದೋನು ನಾನು.”

ಚಪ್ಪರದ ಹಿಂದಿನಿಂದ ಹುಚ್ಚಯ್ಯ ಅನ್ನುವ ಮುದುಕ ಕೋಲೂರಿಕೊಂಡು ಎದ್ದ. ತನ್ನ ಮನೆಯ ಅತ್ತರಿನ ಬುಡ್ಡಿಯನ್ನೂ ಇವನು ನಕಲಿ ಅಂದಿದ್ದನಲ್ಲ, ಅದನ್ನು ಮೊಮ್ಮಕ್ಕಳಿಗೆ ಆಡಲು ಕೊಟ್ಟು ಒಡೆಸಿದೆನಲ್ಲ, ಅದು ಯಾವ ಲೆಕ್ಕ ಅಂತ ಕೇಳಿದ. ಆ ಬುಡ್ಡಿ ನಿಜವಾಗಿಯೂ ಅಚ್ಚಿನದೇ. ಪಕ್ಕೆಯ ಹೊಲಿಗೆ ಗೆರೆ ನಂಜಯ್ಯನಿಗೆ ಇನ್ನೂ ನೆನಪಿತ್ತು. ಹೇಳಿದರೆ ಯಾರು ನಂಬಬೇಕು? ಅವನ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಮಾರಿದ್ದು, ಬಿಸಾಡಿದ್ದು, ಅಣ್ಣತಮ್ಮಂದಿರು ಜಗಳವಾಡಿದ್ದು, ಎಲ್ಲಾ ಅವನ ತಲೆಗೆ ಬಂತು. ಅವನು ಎಲ್ಲರಿಗೂ ಕೈ ಮುಗಿಯುತ್ತಾ ನಿಂತ. ಕಡೆಗೆ ರುದ್ರಯ್ಯನೇ ಎಲೆ ಹಾಕಿದ್ದಾರೆ ಏಳಿ ಅಂತ ಜನರನ್ನು ಎಬ್ಬಿಸಿದ. ನಂಜಯ್ಯನನ್ನು ಮೊದಲ ಪಂಕ್ತಿಗೆ ಕರೆದು ಕೂರಿಸಿದ. ಬಡಿಸಲು ಬಂದ ಗಂಗಾಂಬಿಕೆ ಅವನ ಎಲೆಗೆ ಇನ್ನೊಂದು ಚಮಚ ತುಪ್ಪ ಹಾಕಿದಳು. ಇವನಿಗೆ ಅಷ್ಟೇ ಸಾಕಾಯಿತು.

ಮುಂದೆ ಏನಾಯಿತೆಂದು ಈಗಲೇ ಹೇಳಿ ಮುಗಿಸುತ್ತೇನೆ. ಗಾಜು ತೋರಿಸಲು ಅವನ ಹತ್ತಿರ ಆಮೇಲೆ ಯಾರೂ ಬರಲಿಲ್ಲ. ತಿಮ್ಮಪ್ಪ ಒಂದು ಕಾರ್ಡು ಬರೆದು ಹಾಕಿ, ಬರುವುದನ್ನು ನಿಲ್ಲಿಸಿದ. ಪೆಟ್ರೋಮ್ಯಾಕ್ಸು ಬಂದು ದೀಪದ ಬಾಡಿಗೆಯೂ ಕ್ಷೀಣಿಸಿತು. ನಲವತ್ತೊಂಬತ್ತರಲ್ಲಿ ಅವನು ತೀರಿಕೊಂಡಾಗ ನೆರೆಯವರು ಬಾಗಿಲು ತೆಗೆಸಿದ್ದು ಎರಡನೆಯ ದಿನ. ಇದನ್ನು ಬರೆಯುವಾಗ ಒಂದೇ ಒಂದು ತಪ್ಪಿಗೆ ಇಷ್ಟೊಂದು ಯಾಕೆ ಅಂತ ಕೇಳಬೇಕು ಅನ್ನಿಸುತ್ತದೆ, ಯಾರನ್ನು ಕೇಳಬೇಕೋ ತಿಳಿಯುವುದಿಲ್ಲ. ಆದರೆ ಹೇಳಬೇಕಾದದ್ದು ಮದುವೆಯ ಮಾರನೆಯ ಬೆಳಗು.

ಅವತ್ತು ನಂಜಯ್ಯ ಬೇಗ ಎದ್ದು ದೀಪಗಳನ್ನು ಪೆಟ್ಟಿಗೆಗೆ ಸೇರಿಸಿದ. ಗಾಡಿ ಹೊಡೆಯುವ ಬೈರಯ್ಯ ಪೆಟ್ಟಿಗೆಗಳನ್ನು ಹೇರಿದ. ಬಲಗಡೆ ಒಬ್ಬರು ಕಾಲು ಚಾಚಿ ಕೂರುವಷ್ಟು ಜಾಗ ಬಿಡಿಸಿ, ನಂಜಯ್ಯ ತಾನೇ ಹುಲ್ಲು ಹರವಿ, ಮೇಲೆ ಜಮಖಾನ ಹಾಸಿದ. ಒರಗಿಕೊಳ್ಳಲು ಹುಲ್ಲಿನ ಚೀಲವೊಂದನ್ನು ಇಟ್ಟ, ಕೈಯಲ್ಲಿ ಒತ್ತಿ ನೋಡಿದ. ಅಷ್ಟರಲ್ಲಿ ಗಂಗಾಂಬಿಕೆ ಬಂದಳು. ಕೈಯಲ್ಲಿ ಬಾಳೆಲೆಯಲ್ಲಿ ಕಟ್ಟಿದ ಬುತ್ತಿ. ಒಬ್ಬರಿಗಾಗುವಷ್ಟು.

“ನಿನ್ನ ಗಂಟೆಲ್ಲಿ?” ಅಂದ ನಂಜಯ್ಯ. “ಬರಲ್ವ?”

“ನಾನು ಬತ್ತೀನಿ ಅಂತ ಯಾವಾಗ ಅಂದೆ?”

ನಂಜಯ್ಯ ನೆನೆಸಿಕೊಂಡ. ಅವಳು ಅಂದಿರಲಿಲ್ಲ. ಆರು ತಿಂಗಳು ಅವನು ಒಬ್ಬನೇ ಅಂದುಕೊಂಡದ್ದು. ಬಾ ಅಂತ ಇವನೂ ಕೇಳಿರಲಿಲ್ಲ.

ಗಂಗಾಂಬಿಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ಅವನನ್ನು ಕೊಂದದ್ದು. “ನಮ್ಮಪ್ಪಂದು ನಮ್ಮಪ್ಪಂಗೆ ಸೇರ್ತು. ಅದಕ್ಕೆ ನಿಮಗೆ ಕೈ ಮುಗೀತೀನಿ. ಆದ್ರೆ ಅವತ್ತು ಗಾಡೀಲಿ ಬಾಯ್ಮುಚ್ಕೊಂಡು ಕೂತಿದ್ದೋಳು ನಾನು. ಆ ಗಾಡಿ ಇನ್ನೊಂದ್ಸಲ ಹತ್ತಾಕೆ ನನ್ ಕೈಲಾಗಲ್ಲ.”

ಬುತ್ತಿಯನ್ನು ಅವನ ಕೈಗೆ ಕೊಟ್ಟು, ಬಿಸಿಲೇರೋದ್ರೊಳಗೆ ಹೊರಡಿ ಅಂದಳು. ಅವನು ಹೂಂ ಅಂದ. ಅವಳು ಒಳಗೆ ಹೋಗುವವರೆಗೂ ನಿಂತಿದ್ದು, ಆಮೇಲೆ ಗಾಡಿ ಹತ್ತಿ ಪೆಟ್ಟಿಗೆಗಳ ಸಂದಿಯಲ್ಲಿ ಮುದುರಿಕೊಂಡು ಕೂತ. ಬೈರಯ್ಯ ಹಗ್ಗ ಹಿಡಿದು ಹಿಂದೆ ತಿರುಗಿ ನೋಡಿದ. ಬಲಗಡೆ ಜಾಗ ಖಾಲಿ ಐತಲ್ಲ ಯಜಮಾನ್ರೆ, ಎರಡು ಪೆಟ್ಟಿಗೆ ಆ ಕಡೆ ಸರಿಸಿದ್ರೆ ನೀವು ಕಾಲು ಚಾಚ್ಬೋದು ಅಂದ.

“ಊರು ದಾಟೋಗಂಟ ಅಂಗೇ ಇರ್ಲಿ,” ಅಂದ ನಂಜಯ್ಯ.

ಗಾಡಿ ಪೇಟೆ ಬೀದಿ ದಾಟಿತು. ಅಂಗಡಿಗಳ ಮುಂದೆ ನೀರು ಚಿಮುಕಿಸುತ್ತಿದ್ದವರು ತಲೆಯೆತ್ತಿ ನೋಡಿದರು, ಅವನು ಯಾರ ಮುಖವನ್ನೂ ನೋಡಲಿಲ್ಲ. ಕೊನೆಯ ಮನೆ ಹಿಂದಾಗಿ ಹೊಲಗಳು ಶುರುವಾದ ಮೇಲೆ, ಎದ್ದು ಜಮಖಾನ ಮಡಿಚಿ, ಪೆಟ್ಟಿಗೆಗಳನ್ನು ಒಂದೊಂದಾಗಿ ತಾನೇ ಆ ಜಾಗಕ್ಕೆ ಸರಿಸಿದ.